ನಾನು ಹೇಳಿದ ಬೇಳೆಕಟ್ಟಿನ ಗಾದೆ

ಕಾವ್ಯ, ಅಂಗನವಾಡಿಯ ಬೀಗದ ಕೈ ನಿನ್ನ ಕೈಗೆ ಕೊಟ್ಟ ದಿನ ನೀನು ಮೊದಲು ಕೇಳಿದ್ದು, "ಟೀಚರ್, ಒಟ್ಟು ಎಷ್ಟು ರಿಜಿಸ್ಟರ್ ಬರೀಬೇಕು?" ಅಂತ. ನಾನು ನಕ್ಕುಬಿಟ್ಟೆ. ನಿನಗೆ ಬೇಜಾರಾಯಿತೆಂದು ಆಮೇಲೆ ಸಹಾಯಕಿ ಜಯಮ್ಮ ಹೇಳಿದಳು. ನಕ್ಕಿದ್ದು ನಿನ್ನನ್ನು ನೋಡಿ ಅಲ್ಲ ಕಣೇ. ಮೂವತ್ತು ವರ್ಷದ ಹಿಂದೆ ಇದೇ ಬಾಗಿಲಲ್ಲಿ ನಿಂತು ನಾನೂ ಅದನ್ನೇ ಕೇಳಿದ್ದೆ. ರಿಜಿಸ್ಟರ್ ಬರೆಯುವುದನ್ನು ವಾರದಲ್ಲಿ ಕಲಿಯುತ್ತೀಯ. ಈಗಂತೂ ಅರ್ಧ ಕೆಲಸ ಫೋನಿನಲ್ಲೇ ಮುಗಿಯುತ್ತದೆ. ನನಗೆ ಕಲಿಯಲು ಹನ್ನೆರಡು ವರ್ಷ ಹಿಡಿದದ್ದು ಬೇರೆಯದು. ಅದು ಬೇಳೆ ಬೇಯಿಸುವ ಪಾತ್ರೆಯ ತಳದಲ್ಲಿತ್ತು. ಅದನ್ನು ಬರೆದುಕೊಡುತ್ತೇನೆ, ಬಿಡುವಿದ್ದಾಗ ಓದಿಕೋ.

ನನ್ನ ತವರು ಬಸ್ತಿಹಳ್ಳಿ. ಅಪ್ಪ ಹಳೇಬೀಡಿನಲ್ಲಿ ಗುಮಾಸ್ತರಾಗಿದ್ದರು. ಅಕ್ಷರ ಕಲಿತವರ ಮನೆಯ ಹುಡುಗಿ ಅನ್ನುವ ಜಂಬ ನನಗೆ ಮೈತುಂಬ ಇತ್ತು. ಮದುವೆಯಾಗಿ ಜಾವಗಲ್ ರಸ್ತೆಯ ಈ ಹಳ್ಳಿಗೆ ಬಂದೆ, ಇಲ್ಲೇ ಅಂಗನವಾಡಿ ಸಿಕ್ಕಿತು. ನಾಲಿಗೆ ಮೊದಲಿನಿಂದಲೂ ಸ್ವಲ್ಪ ಖಾರ. ಹೇಳಿದ ಮಾತನ್ನು ಎರಡನೇ ಸಲ ಹೇಳಬೇಕಾಗಿ ಬಂದರೆ ಸಿಟ್ಟು ಬರುತ್ತಿತ್ತು. ಈ ಕೆಲಸದಲ್ಲಿ ಒಂದೇ ಮಾತನ್ನು ಇನ್ನೂರು ಸಲ ಹೇಳಬೇಕು. ಹಾಗಾಗಿ ಮೊದಲ ವರ್ಷವೆಲ್ಲ ಸಿಟ್ಟಿನಲ್ಲೇ ಕಳೆಯಿತು.

ಆಗ ತೂಕದ ದಿನ ಎಂದರೆ ಊರಿಗೇ ಗೊತ್ತಾಗುತ್ತಿತ್ತು. ತೊಲೆಗೆ ತಕ್ಕಡಿ ನೇತುಹಾಕಿ, ಚಡ್ಡಿಯಂಥ ಬಟ್ಟೆಯಲ್ಲಿ ಮಗುವನ್ನು ಕೂರಿಸಿ ಮೇಲಕ್ಕೆ ಬಿಟ್ಟರೆ ಅದು ಕಿರುಚುವ ಸದ್ದು ಕೆರೆ ಏರಿಯವರೆಗೂ ಕೇಳುತ್ತಿತ್ತು. ಮಗುವನ್ನು ತೂಗಿದರೆ ದೃಷ್ಟಿಯಾಗುತ್ತದೆ ಎಂದು ಅಜ್ಜಿಯಂದಿರು ಸೊಸೆಯಂದಿರನ್ನು ಕಳಿಸುತ್ತಲೇ ಇರಲಿಲ್ಲ. "ಕೊಬ್ರಿನಾ ಇದು, ತೂಗಕ್ಕೆ?" ಎಂದು ಒಬ್ಬಳು ನನ್ನ ಮುಖಕ್ಕೇ ಕೇಳಿದ್ದಳು. ಕೊನೆಗೆ ನಾನೇ ಒಂದು ಉಪಾಯ ಮಾಡಿದೆ. ತೂಗಿದ ಮೇಲೆ ಪ್ರತಿ ಮಗುವಿಗೂ ಕೆನ್ನೆಗೊಂದು ಕಾಡಿಗೆ ಬೊಟ್ಟು ಇಟ್ಟು ಕಳಿಸಿದೆ. ಮುಂದಿನ ತಿಂಗಳು ಅಜ್ಜಿಯಂದಿರೇ ಹೊತ್ತುಕೊಂಡು ಬಂದರು. ಟ್ರೇನಿಂಗಿನಲ್ಲಿ ಇದನ್ನು ಹೇಳಿಕೊಡುವುದಿಲ್ಲ.

ಬೇಳೆಯ ವಿಷಯಕ್ಕೆ ನಾನು ಮೊದಲು ಜಗಳ ಕಾದದ್ದು ಬಾಣಂತಿಯರ ಮನೆಗಳಲ್ಲಿ. ಬಾಣಂತಿಗೆ ಬೇಳೆ ಕೊಡಬಾರದು, ವಾಯು ಆಗುತ್ತದೆ ಎಂಬುದು ಇಲ್ಲಿನ ಕಟ್ಟಳೆ. ಬಿಸಿ ಅನ್ನ, ಮೆಣಸಿನ ಸಾರು, ತುಪ್ಪ, ಇಷ್ಟೇ. ತುಪ್ಪ ಇಲ್ಲದ ಮನೆಯಲ್ಲಿ ಅನ್ನ ಮತ್ತು ಮೆಣಸಿನ ಸಾರು ಮಾತ್ರ. ಹೆತ್ತು ರಕ್ತ ಬತ್ತಿದ ಹೆಂಗಸು ಮೂರು ತಿಂಗಳು ಹೀಗೆ ಉಂಡರೆ ಮೈಗೆ ಏನು ಹತ್ತೀತು? ಪುಟ್ಟಮ್ಮ ಎಂಬ ಅತ್ತೆಯೊಬ್ಬಳ ಮನೆಯ ಹೊಸಿಲಾಚೆ ನಿಂತು ನಾನು ಪ್ರೋಟೀನು, ಕಬ್ಬಿಣದ ಅಂಶ ಎಂದೆಲ್ಲ ಭಾಷಣ ಮಾಡಿದೆ. ಅವಳು ಎಲೆಯಡಿಕೆ ಮೆಲ್ಲುತ್ತಾ ಪೂರ್ತಿ ಕೇಳಿದಳು.

"ನೀವೇಳೋದೆಲ್ಲ ಸರೀನೇ ಇರ್ತದೆ ಟೀಚರಮ್ಮ. ಮಗ ಹೊಟ್ಟೆನೋವು ಅಂತ ಅತ್ರೆ ಎತ್ಕಂಡ್ ಕೂರೋಳು ನಾನು ತಾನೆ?"

ಮಾರನೇ ದಿನ ಒಂದು ಹಿಡಿ ಹೆಸರುಬೇಳೆ ತೆಗೆದುಕೊಂಡು ಹೋಗಿ ನೇರವಾಗಿ ಒಲೆಯ ಮುಂದೆ ಕುಳಿತೆ. ಬೇಳೆಯನ್ನು ಘಮ್ಮೆನ್ನುವವರೆಗೆ ಹುರಿದು, ತೊಳೆದು, ಬೆಳ್ಳುಳ್ಳಿ, ಜೀರಿಗೆ, ಚೂರು ಇಂಗು ಹಾಕಿ ಮೆತ್ತಗೆ ಬೇಯಿಸಿದೆ. ಮೊದಲು ಪುಟ್ಟಮ್ಮನ ಬಾಯಿಗೇ ಒಂದು ತುತ್ತು. "ಇದು ತೊಗರಿ ಹಂಗಿಲ್ಲ, ಹಗೂರಾಗೈತೆ," ಎಂದಳು. ಸೊಸೆಗೆ ಎರಡು ತುತ್ತಿನಿಂದ ಶುರುವಾಗಿ ವಾರದಲ್ಲಿ ಬಟ್ಟಲು ತುಂಬಾ ಆಯಿತು. ಮಗುವಿಗೆ ಏನೂ ಆಗಲಿಲ್ಲ. ಹೊಸಿಲಾಚೆ ನಿಂತು ಹೇಳಿದ ಮಾತು ಹೊಸಿಲಲ್ಲೇ ಉಳಿಯುತ್ತದೆ, ಒಲೆಯ ಹತ್ತಿರ ಹೋಗಿಯೇ ಹೇಳಬೇಕು ಎಂದು ಆವತ್ತು ಕಲಿತೆ. ಕಲಿತದ್ದನ್ನು ಬೇಗ ಮರೆತೆ ಕೂಡ. ಅದರಿಂದಲೇ ಮುಂದಿನ ಅನಾಹುತ ಆದದ್ದು.

ನಮ್ಮ ಸೂಪರ್‌ವೈಸರ್ ವಿಶಾಲಾಕ್ಷಿ ಮೇಡಂ ಅರಸೀಕೆರೆಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಗಂಜಿ ಹಾಕಿದ ಕಾಟನ್ ಸೀರೆ, ಕೈಯಲ್ಲಿ ಕೊಡೆ. ಬಂದವರು ಹಾಜರಿ ನೋಡುವ ಮೊದಲು ಅಡುಗೆಮನೆಗೆ ಹೋಗಿ ಸಾಂಬಾರಿನ ಪಾತ್ರೆಗೆ ಸೌಟು ಹಾಕಿ ತಳದಿಂದ ಎತ್ತಿ ನೋಡುತ್ತಿದ್ದರು. "ತಳ ಎಲ್ಲಮ್ಮ ಪದ್ಮಾವತಿ? ತಳ ತೋರಿಸು," ಎನ್ನುವರು. ನಾನು ಬೇಳೆ ಮನೆಗೆ ಸಾಗಿಸುತ್ತೇನೆ ಎಂದು ಇವರಿಗೆ ಅನುಮಾನ ಎಂದು ಒಳಗೇ ಕುದಿಯುತ್ತಿದ್ದೆ. ಜಯಮ್ಮನ ಮುಂದೆ ಅವರಿಗೆ "ಸೌಟಮ್ಮ" ಎಂದು ಹೆಸರಿಟ್ಟಿದ್ದೆ. ಸಾಂಬಾರು ಕದಡದೆ ಬಡಿಸಿದರೆ ಮುಂದೆ ಕುಳಿತ ಮಕ್ಕಳಿಗೆ ನೀರು, ಹಿಂದಿನವರಿಗೆ ಬೇಳೆ ಎಂಬುದು ಅವರಿಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ.

ಈಗ ಗಾದೆಯ ವಿಷಯಕ್ಕೆ ಬರುತ್ತೇನೆ. ಆರು ತಿಂಗಳು ತುಂಬಿದ ಮಗುವಿಗೆ ಎದೆಹಾಲಿನ ಜೊತೆ ಮೇಲೂಟ ಶುರುಮಾಡಿಸಬೇಕು. ಇಲ್ಲಿನವರು ಹಲ್ಲು ಬರುವವರೆಗೂ ಏನೂ ಕೊಡುತ್ತಿರಲಿಲ್ಲ. ಹೇಗಾದರೂ ಒಂದಿಷ್ಟು ಬೇಳೆ ಮಗುವಿನ ಹೊಟ್ಟೆಗೆ ಹೋಗಲಿ ಎಂದು ಯೋಚಿಸಿದೆ. ಬೇಳೆಯನ್ನೋ ಕಾಳನ್ನೋ ಬೇಯಿಸಿ ಬಸಿದು, ಆ ತಿಳಿನೀರಿನಲ್ಲಿ ಸಾರು ಮಾಡುವುದು ನಮ್ಮ ಕಡೆ ದಿನದ ಅಡುಗೆ. ಆ ನೀರೇ ಕಟ್ಟು. ಕಾಳಿನ ಸತ್ವವೆಲ್ಲ ಬೆಂದು ಕಟ್ಟಿಗೆ ಇಳಿದಿರುತ್ತದೆ ಎಂದು ನಮ್ಮಮ್ಮ ಹೇಳುತ್ತಿದ್ದರು, ನಾನು ನಂಬಿದ್ದೆ. ಒಂದು ಮಧ್ಯಾಹ್ನ ಅಂಗನವಾಡಿಯ ಜಗುಲಿಯಲ್ಲಿ ಕುಳಿತು ಮಾತು ಹೊಂದಿಸಿದೆ: "ಹಲ್ಲಿದ್ದೋರಿಗೆ ಕಾಳು, ಹಲ್ಲಿಲ್ಲದೋರಿಗೆ ಕಟ್ಟು." ನೀಲಿ ಬಣ್ಣದಲ್ಲಿ ಗೋಡೆಯ ಮೇಲೆ ಬರೆದೆ. ಬಾಯಲ್ಲಿ ನಿಲ್ಲುವ ಮಾತು ಅದು. ವಾರದಲ್ಲಿ ಊರ ಹೆಂಗಸರೆಲ್ಲ ಹೇಳತೊಡಗಿದರು. ವಿಶಾಲಾಕ್ಷಿ ಮೇಡಂ ಮೀಟಿಂಗಿನಲ್ಲಿ ನನ್ನನ್ನು ಎದ್ದು ನಿಲ್ಲಿಸಿ ಎಲ್ಲರ ಕೈಲೂ ಹೇಳಿಸಿದರು. ಆ ದಿನ ಮನೆಗೆ ಬಂದು ಗಂಡನಿಗೆ ಮೂರು ಸಲ ಹೇಳಿದ್ದೆ.

ಹತ್ತು ವರ್ಷ ಆ ಮಾತು ಗೋಡೆಯ ಮೇಲಿತ್ತು.

ಮಂಜುಳಾ ಈ ಊರಿಗೆ ಸೊಸೆಯಾಗಿ ಬಂದದ್ದು ಆ ಹತ್ತು ವರ್ಷದ ಕೊನೆಗೆ. ಬಾಯಿ ಸತ್ತ ಹುಡುಗಿ, ಹೇಳಿದ್ದಕ್ಕೆಲ್ಲ ತಲೆಯಾಡಿಸುವಳು. ಅವಳ ಮಗಳು ಸಿಂಚನಾ ಆರು ತಿಂಗಳಲ್ಲಿ ಆರು ಕಿಲೋ ಇತ್ತು. ಪರವಾಗಿಲ್ಲ ಅನ್ನಬಹುದಾದ ತೂಕ. ಏಳನೇ ತಿಂಗಳೂ ಆರು. ಎಂಟನೇ ತಿಂಗಳು ಒಂದಿಷ್ಟು ಏರಿ, ಒಂಬತ್ತರಲ್ಲಿ ಇಳಿಯಿತು. ತೂಕದ ಪಟ್ಟಿಯಲ್ಲಿ ಹಸಿರು, ಹಳದಿ, ಕೆಂಪು ಬಣ್ಣಗಳಿರುತ್ತವಲ್ಲ, ಮಗುವಿನ ಗೆರೆ ಮೇಲಕ್ಕೆ ಹೋಗುವ ಬದಲು ನೆಟ್ಟಗೆ ಅಡ್ಡಕ್ಕೆ ಹೋಗುತ್ತಾ ಹಸಿರು ದಾಟಿ ಹಳದಿಗೆ ಬಂತು. ಹನ್ನೊಂದನೇ ತಿಂಗಳು ಮತ್ತೆ ಆರು ಕಿಲೋ, ಕೆಂಪು.

"ಏನ್ ಕೊಡ್ತಿದೀಯೇ ಮಗೂಗೆ?" ಎಂದೆ.

"ಕಟ್ಟು ಕೊಡ್ತೀನಿ ಟೀಚರ್. ಮಧ್ಯಾಹ್ನ ಒಂದ್ ಲೋಟ, ಸಂಜೆ ಒಂದ್ ಲೋಟ."

"ಸುಳ್ಳು ಹೇಳಬೇಡ. ಎರಡು ಲೋಟ ಕಟ್ಟು ಕುಡಿಯೋ ಮಗು ಹಿಂಗಿರ್ತದಾ? ಹೆತ್ತರೆ ಸಾಕಾ, ನೋಡ್ಕೋಬೇಡ್ವಾ?"

ತೂಕಕ್ಕೆ ಬಂದ ಅಷ್ಟೂ ಹೆಂಗಸರ ಎದುರಿಗೆ ಅಂದೆ. ಮಂಜುಳಾ ಅವಸರದಲ್ಲಿ ಮಗುವಿಗೆ ಬಟ್ಟೆ ಹಾಕಿದಳು, ಗುಂಡಿ ತಪ್ಪು ತೂತಿಗೆ ಹೋಯಿತು. ಜಯಮ್ಮ ಬಿಚ್ಚಿ ಹಾಕಿಕೊಟ್ಟಳು. ಆವತ್ತು ಮಂಜುಳಾ ಮಗುವಿಗೆ ಕಾಡಿಗೆ ಬೊಟ್ಟು ಇಡಿಸಿಕೊಳ್ಳದೆ ಹೋದಳು. ಆಮೇಲೆ ಎರಡು ವಾರ ಅಂಗನವಾಡಿಯ ಕಡೆ ತಲೆ ಹಾಕಲಿಲ್ಲ.

"ಆ ಹುಡ್ಗಿ ಸುಳ್ಳೇಳೋಳಲ್ಲ ಕಣ್ ಟೀಚರ್," ಎಂದು ಜಯಮ್ಮ ಎರಡು ಸಲ ಹೇಳಿದಳು. ಮೂರನೇ ಸಲ ಹೇಳಿದಾಗ ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟೆ. ನಿಜ ಹೇಳುತ್ತೇನೆ, ಸುಳ್ಳು ಹಿಡಿಯಲೆಂದೇ ಹೊರಟದ್ದು.

ಮಟಮಟ ಮಧ್ಯಾಹ್ನ. ಮಂಜುಳಾ ಹೊಲಕ್ಕೆ ಬುತ್ತಿ ತೆಗೆದುಕೊಂಡು ಹೋಗಿದ್ದಳು. ಅವಳ ಅತ್ತೆ ನಿಂಗಮ್ಮ ಹಿತ್ತಲ ಒಲೆಯಲ್ಲಿ ದೊಡ್ಡ ಪಾತ್ರೆ ತುಂಬ ಹುರುಳಿ ಬೇಯಿಸಿ ಇಳಿಸುತ್ತಿದ್ದಳು. ಸಿಂಚನಾ ಗೋಡೆಗೆ ಒರಗಿ ಕುಳಿತಿತ್ತು. ಹನ್ನೊಂದು ತಿಂಗಳ ಮಗು ತೆವಳಬೇಕು, ಕಂಡದ್ದೆಲ್ಲ ಬಾಯಿಗೆ ಹಾಕಬೇಕು. ಇದು ಸುಮ್ಮನೆ ನನ್ನನ್ನು ನೋಡುತ್ತಾ ಕುಳಿತಿತ್ತು.

"ಬನ್ನಿ ಟೀಚರಮ್ಮ, ಕೂತ್ಕಳಿ. ಮಗೀಗೆ ಕಟ್ಟು ಕೊಟ್ಟು ಬತ್ತೀನಿ," ಎಂದಳು ನಿಂಗಮ್ಮ.

ಪಾತ್ರೆಗೆ ತಟ್ಟೆ ಮುಚ್ಚಿ ಬಸಿದಳು. ಕೆಂಪಗಿನ ತೆಳ್ಳನೆ ನೀರು ಇಳಿಯಿತು. ಅದರಲ್ಲಿ ಒಂದು ಲೋಟ ತೆಗೆದು, ಒಂದು ಹರಳು ಉಪ್ಪು ಹಾಕಿ ಆರಲು ಇಟ್ಟಳು. ಉಳಿದದ್ದು ಮನೆಯವರ ಸಾರಿಗೆ. ಬೆಂದ ಹುರುಳಿ ಕಾಳನ್ನೆಲ್ಲ ಬಕೆಟ್ಟಿಗೆ ಸುರಿದು, ಬೂಸ ಕಲಸಿ, ಕೊಟ್ಟಿಗೆಗೆ ಒಯ್ದು ಎತ್ತುಗಳ ಮುಂದಿಟ್ಟಳು. ಬಂದು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಇಡೀ ಲೋಟ ಕುಡಿಸಿದಳು. ಮಗುವಿನ ಹೊಟ್ಟೆ ಉಬ್ಬಿತು. ಅದು ತೇಗಿ ಕಣ್ಣು ಮುಚ್ಚಿತು.

"ದಿನಾ ಹಿಂಗೇನಾ?"

"ದಿನಾ. ಒಂದಿನಾನೂ ತಪ್ಸಿಲ್ಲ. ತೊಗರಿ ಬೇಳೆ ಮಾಡಿದ್ ದಿನ ತೊಗರಿ ಕಟ್ಟು, ಹುರುಳಿ ಮಾಡಿದ್ ದಿನ ಹುರುಳಿ ಕಟ್ಟು. ನಮ್ ಸೊಸೆ ನಿಮ್ ಗ್ವಾಡೆ ಮ್ಯಾಲಿರೋದ್ನ ದ್ಯಾವ್ರ ಮಂತ್ರ ಹಂಗೆ ಹೇಳ್ಕತಾಳೆ."

"ಕಾಳು ಯಾಕೆ ಎಲ್ಲ ಎತ್ತಿಗೆ ಹಾಕ್ತೀರಿ?"

ನಿಂಗಮ್ಮ ನನ್ನನ್ನು ಪೆದ್ದಿಯನ್ನು ನೋಡುವಂತೆ ನೋಡಿದಳು. "ಉಳೋ ಎತ್ತು ಕಣ್ ಟೀಚರಮ್ಮ. ಕಾಳಿಲ್ದೆ ಹೆಂಗ್ ಉಳ್ತಾವೆ? ಬರೀ ಕಟ್ಟು ಕುಡುದ್ರೆ ಕಾಲಲ್ಲಿ ಕಸುವು ಬತ್ತದಾ?"

ಹೇಳಿ ಅವಳು ಮಗುವಿನ ಬಾಯಿ ಒರೆಸಿದಳು. ತಾನೇನು ಹೇಳಿದೆ ಎಂದು ಅವಳಿಗೆ ಹೊಳೆಯಲಿಲ್ಲ. ನನಗೆ ಹೊಳೆಯಿತು. ಕೊಟ್ಟಿಗೆಯಲ್ಲಿ ಎತ್ತುಗಳ ಮೈ ಎಣ್ಣೆ ಹಚ್ಚಿದಂತೆ ಮಿನುಗುತ್ತಿತ್ತು. ಈಚೆ ಮಗುವಿನ ತೊಡೆಯ ಚರ್ಮ ಮುದುಕಿಯರ ಕೈಯಂತೆ ಜೋತುಬಿದ್ದಿತ್ತು. ಕಸುವು ಎಲ್ಲಿದೆ ಎಂಬುದು ಈ ಊರಿಗೆ ಮೊದಲೇ ಗೊತ್ತಿತ್ತು ಕಾವ್ಯ. ಎತ್ತಿನ ವಿಷಯದಲ್ಲಿ ಯಾರೂ ತಪ್ಪು ಮಾಡಿರಲಿಲ್ಲ. ಮಕ್ಕಳಿಗೆ ನೀರು ಸಾಕು ಎಂದು ಅವರಿಗೆ ಹೇಳಿಕೊಟ್ಟವಳು ಓದಿ ಬಂದ ನಾನು. ಅದು ಸಾಲದೆಂದು ಆ ತಾಯಿಯನ್ನು ನಾಲ್ಕು ಜನರ ಮುಂದೆ ಸುಳ್ಳಿ ಎಂದಿದ್ದೆ.

ಮಾರನೇ ಬೆಳಿಗ್ಗೆ ಮಂಜುಳಾ ಮತ್ತು ಮಗುವನ್ನು ಅರಸೀಕೆರೆಗೆ ಕರೆದುಕೊಂಡು ಹೋದೆ. ಬಸ್ಸಿನಲ್ಲಿ ಅವಳು ಕಿಟಕಿಯ ಕಡೆಗೇ ಮುಖ ಮಾಡಿದ್ದಳು. ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, ಕಾಯಿಲೆ ಏನೂ ಕಾಣುವುದಿಲ್ಲ, ನೀರಿನಲ್ಲಿ ಹೊಟ್ಟೆ ತುಂಬಿ ಹಾಲಿಗೂ ಊಟಕ್ಕೂ ಜಾಗವಿಲ್ಲದೆ ಮಗು ಸೊರಗಿದೆ ಎಂದರು. ಪ್ರತಿ ವಾರ ತಂದು ತೋರಿಸಬೇಕು, ತಿಂಗಳೊಳಗೆ ತೂಕ ಏರದಿದ್ದರೆ ಹಾಸನಕ್ಕೆ ಸೇರಿಸಬೇಕು, ಇಂಥ ಮಗುವಿಗೆ ಒಂದು ಭೇದಿ ಬಂದರೂ ತಡೆಯುವುದಿಲ್ಲ ಎಂದರು. ಕೊನೆಯ ಮಾತು ಕೇಳಿ ಮಂಜುಳಾ ಮೊದಲ ಸಲ ನನ್ನ ಕಡೆ ತಿರುಗಿದಳು.

"ನೀವ್ ಹೇಳಿದ್ದೇ ಮಾಡಿದ್ನಲ್ಲ ಟೀಚರ್," ಎಂದಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. "ನಾನು ಹೇಳಿದ್ದೇ ತಪ್ಪು ಕಣಮ್ಮ," ಎಂದೆ. ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಇಬ್ಬರೂ ಅತ್ತೆವು.

ಆಮೇಲೆ ಒಂದು ತಿಂಗಳು, ಮಧ್ಯಾಹ್ನ ಅಂಗನವಾಡಿ ಮುಗಿಸಿ ದಿನವೂ ಅವರ ಒಲೆಯ ಮುಂದೆ ಕುಳಿತೆ. ಹೆಸರುಬೇಳೆ ಮತ್ತು ಅಕ್ಕಿಯನ್ನು ಒಟ್ಟಿಗೆ ಬೇಯಿಸಿ, ಬಸಿಯದೆ, ಸೌಟಿನ ಹಿಂಬದಿಯಲ್ಲಿ ನುಣ್ಣಗೆ ಮಸೆದು, ತುಪ್ಪ ಹಾಕಿ ಮೊದಲ ಚಮಚ ಬಾಯಿಗಿಟ್ಟರೆ ಸಿಂಚನಾ ಉಗಿದಳು. ಐದು ತಿಂಗಳು ನೀರು ಕುಡಿದ ನಾಲಿಗೆ, ಗಟ್ಟಿಯಾದದ್ದು ಬಂದರೆ ಹೊರಗೆ ದೂಡುತ್ತಿತ್ತು. ಎರಡನೇ ದಿನವೂ ಉಗಿದಳು. ನಾಲ್ಕನೇ ದಿನ ಅರ್ಧ ಚಮಚ ಒಳಗೆ ಹೋಯಿತು. ನಿಂಗಮ್ಮನಿಗೆ ಗಾಬರಿ. "ಗಂಟ್ಲಿಗೆ ಸಿಕ್ಕಾಕಂಡ್ರೆ ಏನ್ ಗತಿ?" ಎನ್ನುತ್ತಿದ್ದಳು. ಬೆರಳಲ್ಲಿ ಉಜ್ಜಿ ನೋಡಿ, ಒಂದು ಕಾಳೂ ಸಿಗುವುದಿಲ್ಲ ಎಂದು ಅವಳ ಕೈಗೇ ಕೊಟ್ಟು ನೋಡಿಸುತ್ತಿದ್ದೆ. ಮೊದಲ ವಾರ ತಕ್ಕಡಿಯ ಮುಳ್ಳು ಅಲ್ಲಾಡಲಿಲ್ಲ. ನನಗೆ ಅನ್ನ ಸೇರುತ್ತಿರಲಿಲ್ಲ. ಎರಡನೇ ವಾರ ನೂರು ಗ್ರಾಂ ಏರಿತು. ಮೂರನೇ ವಾರ ಮಗು ಅಜ್ಜಿಯ ಎಲೆಯಡಿಕೆ ಚೀಲಕ್ಕೆ ತೆವಳಿಕೊಂಡು ಹೋಗಿ ಅಡಿಕೆಗೆ ಕೈ ಹಾಕಿತಂತೆ. ಮಂಜುಳಾ ಆ ದೂರನ್ನು ಹೇಳಲು ಅಂಗನವಾಡಿಯವರೆಗೂ ಓಡಿಬಂದಳು. ಅಡಿಕೆಗೆ ಕೈ ಹಾಕಿದ್ದಕ್ಕೆ ಅಷ್ಟು ಸಂತೋಷಪಟ್ಟ ತಾಯಿಯನ್ನು ನಾನು ಬೇರೆ ನೋಡಿಲ್ಲ. ತಿಂಗಳು ತುಂಬಿದಾಗ ಆರೂವರೆ ಕಿಲೋ. ಹಾಸನಕ್ಕೆ ಹೋಗುವುದು ತಪ್ಪಿತು.

ಇಷ್ಟರಲ್ಲಿ ಗೋಡೆಗೆ ಸುಣ್ಣ ಹೊಡೆಸಿದೆ. ಮುಂದಿನ ತಾಯಂದಿರ ಸಭೆಯಲ್ಲಿ ತಪ್ಪಾಯಿತೆಂದು ಹೇಳುತ್ತೇನೆ ಎಂದಾಗ ವಿಶಾಲಾಕ್ಷಿ ಮೇಡಂ ತಡೆದರು.

"ಅಳಿಸಿದೀಯಲ್ಲ, ಸಾಕು. ಹೇಳಿಕೊಂಡು ಯಾಕೆ ತಿರುಗ್ತೀಯ? ನಾಳೆ ಲಸಿಕೆ ಹಾಕಿಸಿ ಅಂದರೂ ನಂಬಲ್ಲ ಜನ."

"ಅಳಿಸಿದ್ದು ಗೋಡೆ ಮೇಲಿಂದ ಮೇಡಂ. ಬಾಯಿಂದ ಅಳಿಸಬೇಕಲ್ಲ," ಎಂದೆ.

ಸಭೆಯಲ್ಲಿ ಹೇಳಿದೆ. ಮಂಜುಳಾಳನ್ನು ಸುಳ್ಳಿ ಅಂದದ್ದು ತಪ್ಪು ಎಂದೂ ಅದೇ ಹೆಂಗಸರ ಮುಂದೆ ಹೇಳಿದೆ. ಮನೆಮನೆಗೂ ಹೋಗಿ ಹೇಳಿದೆ. ಕೆಲವರು ನಕ್ಕರು, ಇಬ್ಬರು ಮೂವರು ಮುಖ ತಿರುಗಿಸಿದರು. ಅವರ ಮಕ್ಕಳೂ ಕಟ್ಟು ಕುಡಿದೇ ಬೆಳೆದವರು. ಹಳೆಯ ಪಟ್ಟಿಗಳನ್ನು ತೆಗೆದು ನೋಡಿದರೆ ಏಳನೇ ತಿಂಗಳಲ್ಲಿ ಅಡ್ಡಬಿದ್ದ ಗೆರೆಗಳು ಒಂದಲ್ಲ, ಹಲವು. ಪ್ರತಿ ತಿಂಗಳೂ ನಾನೇ ಕೈಯಾರೆ ಎಳೆದ ಗೆರೆಗಳು. ಎಳೆದೆ ಅಷ್ಟೇ, ನೋಡಿರಲಿಲ್ಲ. ಮೇಡಂ ಮಾತ್ರ ನಿವೃತ್ತಿಯ ಹಿಂದಿನ ದಿನ ಬಂದು, ಅಭ್ಯಾಸದಂತೆ ಸೌಟು ಹಾಕಿ ತಳ ನೋಡಿ, ಹೋಗುವಾಗ ಮೆಲ್ಲಗೆ ಹೇಳಿದರು: "ಆ ಗಾದೇನ ನಾನೂ ಹತ್ತೂರಲ್ಲಿ ಹೇಳಿದ್ದೆ ಪದ್ಮಾವತಿ. ನಡುವೆ ಬೇಲೂರಿನ ಕಡೆ ಇದ್ದಾಗಲೂ ಹೇಳಿದ್ದೆ." ಅವತ್ತಿನಿಂದ ಅವರನ್ನು ಸೌಟಮ್ಮ ಎಂದು ಕರೆಯುವುದನ್ನು ಬಿಟ್ಟೆ.

ಸರಿ, ನೀನು ಮನೆಮನೆಗೆ ಹೋದಾಗ ಬೇಳೆ ಯಾಕೆ ಎಂದು ಕೇಳುತ್ತಾರೆ. ಉದ್ದ ಮಾತು ಬೇಡ. ಮೈಕಟ್ಟು ಬೆಳೆಯುವುದಕ್ಕೆ, ರಕ್ತಕ್ಕೆ, ಹೊಟ್ಟೆ ಸಲೀಸಾಗಿ ಹೋಗುವುದಕ್ಕೆ ಎಂದು ಹೇಳು. ಬರೀ ಮುದ್ದೆ, ಬರೀ ಅನ್ನದಲ್ಲಿ ಇಲ್ಲದ್ದು ಬೇಳೆಯಲ್ಲಿದೆ, ಬೇಳೆಯಲ್ಲಿ ಕಡಿಮೆ ಇರುವುದು ಅವುಗಳಲ್ಲಿದೆ, ಅದಕ್ಕೇ ಎರಡೂ ಜೊತೆಗಿರಬೇಕು. ಮೇಲೆ ನಿಂಬೆಹಣ್ಣು ಹಿಂಡಿದರೆ ಅದರ ಕಬ್ಬಿಣದಂಶ ಮೈಗೆ ಚೆನ್ನಾಗಿ ಹತ್ತುತ್ತದೆ. ನಮ್ಮ ಯಜಮಾನರಿಗೆ ಸಕ್ಕರೆ ಕಾಯಿಲೆ. ಅನ್ನ ಅರ್ಧ ಮಾಡಿ ಕಾಳು ಜಾಸ್ತಿ ಮಾಡಿದ ಮೇಲೆ ಅವರಿಗೆ ಹನ್ನೊಂದು ಗಂಟೆಗೇ ಹಸಿವೆಂದು ಡಬ್ಬ ಹುಡುಕುವುದು ನಿಂತಿದೆ. ಮೂತ್ರಪಿಂಡದ ತೊಂದರೆ ಇದ್ದವರಿಗೆ ಮಾತ್ರ ನೀನಾಗಿ ಏನೂ ಹೇಳಬೇಡ, ಡಾಕ್ಟರನ್ನು ಕೇಳಿ ಅನ್ನು.

ಮಾಡುವ ಬಗೆ ಕೇಳಿದರೆ ಕಷ್ಟದ್ದು ಹೇಳಬೇಡ. ಹೊಲಕ್ಕೆ ಹೋಗುವ ಹೆಂಗಸಿಗೆ ಹೊತ್ತಿಲ್ಲ. ಹೆಸರುಬೇಳೆ ಕುಕ್ಕರ್ ಇಲ್ಲದೆಯೂ ಬೇಗ ಬೇಯುತ್ತದೆ. ಉಪ್ಪಿಟ್ಟಿಗೆ ಒಂದು ಹಿಡಿ ನೆನೆಸಿದ ಬೇಳೆ ಹಾಕಿದರೆ ಯಾರಿಗೂ ತಿಳಿಯುವುದೇ ಇಲ್ಲ. ಹೆಸರುಕಾಳು ನೆನೆಸಿ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರೆ ಮಾರನೇ ದಿನ ಮೊಳಕೆ. ದೊಡ್ಡ ಮಕ್ಕಳಿಗೆ ಅದನ್ನು ಹಬೆಯಲ್ಲಿ ಬೇಯಿಸಿ, ತೆಂಗಿನತುರಿ, ನಿಂಬೆರಸ ಹಾಕಿ ಕೊಡಲಿ. ತೊಗರಿಬೇಳೆಗೆ ನುಗ್ಗೆಸೊಪ್ಪು ಬಿದ್ದರೆ ಇನ್ನೂ ಒಳ್ಳೆಯದು. ವಾಯು ಎಂದು ಹೆದರುವವರಿಗೆ ಕಾಳನ್ನು ಚೆನ್ನಾಗಿ ನೆನೆಸಿ, ಆ ನೀರು ಚೆಲ್ಲಿ, ಜೀರಿಗೆ ಇಂಗು ಹಾಕಲು ಹೇಳು. ಸ್ವಲ್ಪದಿಂದ ಶುರುಮಾಡಲಿ. ಬಸ್ಸಾರು ಮಾಡಬೇಡಿ ಎನ್ನಬೇಡ, ಈ ಸೀಮೆಯಲ್ಲಿ ಯಾರೂ ನಿನ್ನ ಮಾತು ಕೇಳುವುದಿಲ್ಲ, ನಾನೂ ಕೇಳುವುದಿಲ್ಲ. ಬಸಿದ ಮೇಲೆ ಉಳಿದ ಕಾಳಿನ ಪಲ್ಯ ಯಾರ ತಟ್ಟೆಗೆ ಹೋಗುತ್ತದೆ ಎಂದು ಮಾತ್ರ ನೋಡು. ಎಳೆಮಗುವಿನ ಊಟವನ್ನು ಚಮಚದಲ್ಲಿ ತೆಗೆದು ಓರೆ ಮಾಡು. ನೀರಿನಂತೆ ಸುರಿದರೆ ತೆಳುವಾಯಿತು. ಮೆಲ್ಲಗೆ ಜಾರಬೇಕು. ವರ್ಷ ತುಂಬುವವರೆಗೆ ಉಪ್ಪು, ಸಕ್ಕರೆ ಬೇಡ. ಇಡೀ ಕಾಳು ಬೇಡವೇ ಬೇಡ, ನುಣ್ಣಗೆ ಮಸೆದೇ ಕೊಡಬೇಕು.

ಆ ಗಾದೆಗೆ ಬದಲಾಗಿ ಇನ್ನೊಂದು ಗಾದೆ ಹೊಂದಿಸಲು ನಾನು ವರ್ಷಗಟ್ಟಲೆ ನೋಡಿದೆ. ಆಗಲಿಲ್ಲ. ತಪ್ಪು ಮಾತು ಚುಟುಕಾಗಿ ಬಂದಿತ್ತು, ಸರಿಯಾದದ್ದು ಹೇಳಲು ಹೋದರೆ ಉದ್ದವಾಗುತ್ತಿತ್ತು. ಹೋಗಲಿ, ನಮ್ಮೂರಲ್ಲಂತೂ ಈಗ ಯಾರೂ ಅದನ್ನು ಹೇಳುವುದಿಲ್ಲ, ಸಿಂಚನಾ ಅರಸೀಕೆರೆಯಲ್ಲಿ ಡಿಗ್ರಿ ಓದುತ್ತಿದ್ದಾಳೆ, ಎದುರಿಗೆ ಸಿಕ್ಕರೆ ನನಗಿಂತ ಒಂದು ಗೇಣು ಎತ್ತರ, ಅಲ್ಲಿಗೆ ಮುಗಿಯಿತು ಎಂದು ಸಮಾಧಾನದಿಂದಲೇ ನಿವೃತ್ತಿಯಾದೆ.

ಹೋದ ತಿಂಗಳು ಕಣ್ಣು ತೋರಿಸಲು ಬೇಲೂರಿಗೆ ಹೊರಟಿದ್ದೆ. ಹಳೇಬೀಡಿನಲ್ಲಿ ಬಸ್ಸು ಹತ್ತಿದರೆ ಪಕ್ಕದ ಸೀಟಿನಲ್ಲಿ ಒಬ್ಬ ಅಜ್ಜಿ, ಕಿಟಕಿಯ ಹತ್ತಿರ ಮೊಮ್ಮಗಳು, ಅವಳ ತೊಡೆಯ ಮೇಲೆ ಎಂಟೊಂಬತ್ತು ತಿಂಗಳ ಗಂಡುಮಗು. ಬೇಲೂರಿನಾಚೆಯ ಊರಿನವರು, ನೆಂಟರ ಮನೆಗೆ ಬಂದು ಹೋಗುತ್ತಿದ್ದರು. ಮಗುವಿನ ಮಣಿಕಟ್ಟು ನೋಡಿದೆ. ಮೂವತ್ತು ವರ್ಷ ಮಕ್ಕಳ ಮಣಿಕಟ್ಟು ನೋಡಿದವಳಿಗೆ ತಕ್ಕಡಿ ಬೇಕಾಗುವುದಿಲ್ಲ. ಮಗು ಅತ್ತಿತು. ಆ ಹುಡುಗಿ ಚೀಲದಿಂದ ಬಾಟಲಿ ತೆಗೆದಳು. ಒಳಗೆ ಹಳದಿ ಬಣ್ಣದ ತಿಳಿನೀರು.

"ಏನಮ್ಮ ಅದು?" ಎಂದೆ.

ಅಜ್ಜಿ ಉತ್ತರ ಕೊಟ್ಟಳು. "ಬ್ಯಾಳೆಕಟ್ಟು ಕಣವ್ವ. ಹಲ್ಲಿದ್ದೋರ್ಗೆ ಕಾಳು, ಹಲ್ಲಿಲ್ದೋರ್ಗೆ ಕಟ್ಟು ಅಂತ ಹೇಳಿಲ್ವಾ ದೊಡ್ಡೋರು?"

ನನ್ನ ಜಗುಲಿ, ನನ್ನ ನೀಲಿ ಬಣ್ಣ, ನನ್ನ ಮಾತು. "ಅಜ್ಜಿ, ಅದು ದೊಡ್ಡೋರು ಹೇಳಿದ್ದಲ್ಲ. ಹೇಳಿದೋಳು ನಾನೇ. ತಪ್ಪು ಹೇಳಿದ್ದೆ," ಎಂದೆ.

ಅಜ್ಜಿ ನಕ್ಕಳು. "ನೀವ್ಯಾಕ್ ಹೇಳೀರಿ? ಅದು ನಮ್ಮಜ್ಜಿ ಕಾಲದ ಗಾದೆ ಕಣ್ರವ್ವ. ನಮ್ಮತ್ತೆನೂ ಹೇಳೋರು."

ನಾನು ಎಷ್ಟು ಹೇಳಿದರೂ ಅವಳು ಒಪ್ಪಲಿಲ್ಲ. ಹುಡುಗಿ ಮಾತ್ರ ಬಾಟಲಿ ಕೈಯಲ್ಲೇ ಹಿಡಿದು ನನ್ನ ಮುಖ ನೋಡುತ್ತಿದ್ದಳು. ಬೇಲೂರಿನಲ್ಲಿ ಇಳಿದಾಗ ನಾನು ಕಣ್ಣಿನ ಡಾಕ್ಟರ ಹತ್ತಿರ ಹೋಗಲಿಲ್ಲ. ಇಬ್ಬರನ್ನೂ ಬಲವಂತದಿಂದ ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿಗೆ ಕರೆದುಕೊಂಡು ಹೋಗಿ ಒಂದು ಪ್ಲೇಟು ಪೊಂಗಲ್ ತರಿಸಿದೆ. ದಿನದ ಊಟಕ್ಕಲ್ಲ, ತೋರಿಸುವುದಕ್ಕೆ. ಮೆಣಸು, ಮೆಣಸಿನಕಾಯಿ ಹುಡುಕಿ ಹುಡುಕಿ ತೆಗೆದು, ಬಿಸಿನೀರು ಹಾಕಿ, ಚಮಚದ ಹಿಂಬದಿಯಲ್ಲಿ ಬೇಳೆಯನ್ನೂ ಅಕ್ಕಿಯನ್ನೂ ಮಸೆದು ಮಗುವಿನ ತುಟಿಗೆ ತಾಗಿಸಿದೆ. ಉಗಿಯಿತು. ಮತ್ತೆ ಇಟ್ಟೆ. ಚಪ್ಪರಿಸಿತು. ಮೂರನೇ ಸಲ ಚಮಚ ಹಿಂದಕ್ಕೆ ತೆಗೆಯಲು ಬಿಡಲಿಲ್ಲ. ಅಜ್ಜಿ ಎದುರು ಕುಳಿತು ನೋಡುತ್ತಿದ್ದಳು. "ಗಟ್ಟೀದೂ ತಿಂತದಲ್ಲೇ ಮಗ," ಎಂದಳು ಮೊಮ್ಮಗಳಿಗೆ. ನಿಮ್ಮೂರಿನ ಅಂಗನವಾಡಿಯಲ್ಲಿ ನಾಳೆಯೇ ತೂಕ ಹಾಕಿಸಮ್ಮ ಎಂದು ಹುಡುಗಿಯಿಂದ ಮಾತು ತೆಗೆದುಕೊಂಡೆ. ಅವಳು ಹೊರಗೆ ಬಂದು ಬಾಟಲಿಯ ನೀರನ್ನು ಚರಂಡಿಗೆ ಚೆಲ್ಲಿದಳು.

ಒಂದು ಮಗುವಿನದು ಆಯಿತು ಕಾವ್ಯ. ಆ ಮಾತು ಇನ್ನೆಷ್ಟು ಊರು ತಲುಪಿದೆಯೋ ನನಗೆ ತಿಳಿಯದು. ನನ್ನ ಮಂಡಿ ಈಗ ಊರೂರಿಗೆ ಬಸ್ಸು ಹತ್ತಿ ಇಳಿಯಲು ಬಿಡುವುದಿಲ್ಲ. ನಿನ್ನ ಮುಂದೆ ಇಡೀ ಸರ್ವೀಸು ಇದೆ, ಮೀಟಿಂಗಿಗೆ ಹೋಗುತ್ತೀಯ, ಬೇರೆ ಊರಿನ ಟೀಚರುಗಳು ಸಿಗುತ್ತಾರೆ. ಎಲ್ಲಾದರೂ ಆ ಮಾತು ಕಿವಿಗೆ ಬಿದ್ದರೆ, ಹಿರಿಯರದು ಎಂದು ಗೌರವಕ್ಕೆ ಸುಮ್ಮನಿರಬೇಡ. ಅದು ಅಜ್ಜಿ ಕಾಲದ ಗಾದೆಯಲ್ಲ, ಜಾವಗಲ್ ರಸ್ತೆಯ ನಮ್ಮೂರಿನ ಪದ್ಮಾವತಿ ಟೀಚರು ಹೇಳಿದ್ದು, ತಪ್ಪು ಹೇಳಿದ್ದೆ ಎಂದು ಆಮೇಲೆ ಅವಳೇ ಹೇಳಿದಳು ಅನ್ನು. ನನ್ನ ಹೆಸರು ಹಿಡಿದೇ ಹೇಳು.